ಸಂಬಳ ಹಿಡಿಯದ ರಜೆಯಲ್ಲೇ ನೆಮ್ಮದಿ

ಪ್ರಶ್ನೆ: ನಮ್ಮ ಮನೆಗೆಲಸದ ಮಹಿಳೆ ಶಕ್ತಿ ಯೋಜನೆ ಬಂದ ಮೇಲೆ ವರ್ಷಕ್ಕೊಮ್ಮೆ ಮಕ್ಕಳೊಂದಿಗೆ ಧರ್ಮಸ್ಥಳ, ಕುಕ್ಕೆಗೆ ಹೋಗಿಬರುತ್ತಾರೆ. ಆ ದಿನಗಳ ಸಂಬಳವನ್ನು ನಾನು ಹಿಡಿಯುತ್ತೇನೆ. ಹಣದ ಅಡಚಣೆ ಇರುವವರಿಗೆ ಇಂಥ ಪ್ರವಾಸದಿಂದ ನಿಜಕ್ಕೂ ಒಳಿತಾಗುತ್ತದೆಯೇ? ರಜೆಯ ಬದಲು ಹಬ್ಬಕ್ಕೆ ಹಣ ಕೊಟ್ಟರೆ ಸಾಲದೇ?
– ಗೃಹಿಣಿ, ಬೆಂಗಳೂರು

ಉತ್ತರ: ಖಂಡಿತ ಒಳಿತಾಗುತ್ತದೆ, ಆದರೆ ಅದು ಎಷ್ಟು ದಿನ ಉಳಿಯುತ್ತದೆ ಎಂಬುದು ಬಹುಮಟ್ಟಿಗೆ ನೀವು ಹಿಡಿಯುವ ಆ ಸಂಬಳವನ್ನೇ ಅವಲಂಬಿಸಿದೆ. ಪ್ರವಾಸದ ಉಲ್ಲಾಸ ಮರಳಿದ ಕೆಲವೇ ವಾರಗಳಲ್ಲಿ ಕರಗುತ್ತದೆ ಎಂದು ಈ ಕುರಿತ ಅಧ್ಯಯನಗಳು ಕಂಡುಕೊಂಡಿವೆ. ಸಂಬಳಸಹಿತ ರಜೆ ಇರುವವರಿಗೇ ಹೀಗಾದರೆ, ಮರಳಿದ ವಾರವೇ ಸಂಘದ ಕಂತಿಗೆ ಹಣ ಸಾಲದೆ ಕೈಸಾಲ ಮಾಡಬೇಕಾದವರ ಉಲ್ಲಾಸ ಬಸ್ ನಿಲ್ದಾಣದಲ್ಲೇ ಮುಗಿದಿರುತ್ತದೆ.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್‌ಗಳ ಟಿಕೆಟ್ ಹಣ ಉಳಿಯಿತು; ಧರ್ಮಸ್ಥಳ, ಕುಕ್ಕೆಗಳಲ್ಲಿ ಊಟವೂ ಪ್ರಸಾದವಾಗಿ ದೊರೆಯುತ್ತದೆ. ಗಂಡನ ಟಿಕೆಟ್, ಮಗನ ಅರ್ಧ ಟಿಕೆಟ್‌ಗಳನ್ನು ಹೇಗೋ ಹೊಂದಿಸಿಕೊಂಡರೂ ಕಳೆದುಕೊಂಡ ಕೂಲಿಯನ್ನು ತುಂಬಿಕೊಳ್ಳುವುದು ಕಷ್ಟ. ಇಷ್ಟಿದ್ದೂ ಅವರು ಹೋಗುತ್ತಾರೆಂದರೆ ಅದನ್ನು ದುಂದು ಎಂದುಕೊಳ್ಳುವುದು ಸರಿಯಲ್ಲ. ವರ್ಷವಿಡೀ ಬೇರೆಯವರ ಪಾತ್ರೆ ಬೆಳಗುವ ಹೆಂಗಸು ಅಲ್ಲಿ ಎಲ್ಲರ ಜೊತೆ ಪಂಕ್ತಿಯಲ್ಲಿ ಕುಳಿತು, ಇನ್ನೊಬ್ಬರು ಬಡಿಸಿದ ಬಿಸಿ ಅನ್ನ ಉಂಡು, ತೊಳೆಯುವ ಚಿಂತೆಯಿಲ್ಲದೆ ಏಳುತ್ತಾಳೆ. ಆ ನಿರಾಳವನ್ನು ಮನೆಯಲ್ಲಿ ಕಳೆಯುವ ಭಾನುವಾರ ಕೊಡಲಾರದು. ಮಕ್ಕಳ ದಸರಾ, ಬೇಸಿಗೆ ರಜೆಗಳಲ್ಲಂತೂ ಶಾಲೆಯ ಬಿಸಿಯೂಟವೂ ನಿಲ್ಲುವುದರಿಂದ ಅವಳ ಖರ್ಚು, ದುಡಿಮೆ ಎರಡೂ ಹೆಚ್ಚುತ್ತವೆ.

ಹಬ್ಬದ ಹಣ ರಜೆಗೆ ಬದಲಿಯಾಗದು. ಅದು ಮಕ್ಕಳ ಬಟ್ಟೆಗೋ ಹಳೆಯ ಸಾಲಕ್ಕೋ ಹೋಗುತ್ತದೆ. ಹಬ್ಬದ ದಿನ ನಿಮ್ಮ ಮನೆಗೆ ನೆಂಟರು ಬಂದರೆ ಅವರಿಗೆ ಕೆಲಸವೂ ಇಮ್ಮಡಿ. ಹಣವನ್ನೂ ಕೊಡಿ, ರಜೆಯನ್ನೂ ಕೊಡಿ. ಕಾರ್ಖಾನೆ ಕಾರ್ಮಿಕರಿಗೆ 20 ದಿನಗಳ ದುಡಿಮೆಗೆ 1 ದಿನದಂತೆ ಸಂಬಳಸಹಿತ ರಜೆಯನ್ನು ಕಾನೂನು ಕೊಟ್ಟಿದೆ. ಮನೆಗೆಲಸದವರ ರಜೆ ಮಾತ್ರ ಬಹುತೇಕ ಮನೆಯವರ ಮರ್ಜಿಗೆ ಉಳಿದಿದೆ. ತಿಂಗಳಿಗೆ 26 ದಿನ ಬರುವವರಿಗೆ ಅದೇ ಲೆಕ್ಕ ಹಿಡಿದರೆ ವರ್ಷಕ್ಕೆ ಸುಮಾರು 15 ದಿನವಾಗುತ್ತದೆ. ಪ್ರವಾಸದ ಖುಷಿ ಅದಕ್ಕಾಗಿ ಕಾಯುವಾಗಲೇ ಆರಂಭವಾಗುವುದರಿಂದ, ದಿನಾಂಕವನ್ನೂ ಸಂಬಳ ಹಿಡಿಯುವುದಿಲ್ಲವೆಂಬ ಮಾತನ್ನೂ ಒಂದು ತಿಂಗಳು ಮೊದಲೇ ತಿಳಿಸಿಬಿಡಿ. ಅವರು ಮೂರ್ನಾಲ್ಕು ಮನೆಗಳಿಗೆ ಹೋಗುವವರಾದರೆ, ಅವರ ಒಪ್ಪಿಗೆ ಪಡೆದು ಆ ಮನೆಯವರೊಂದಿಗೂ ಮಾತನಾಡಿ. ನೀವೊಬ್ಬರು ಕೊಟ್ಟ ರಜೆಯ ಸಂಬಳ ಉಳಿದ ಮನೆಗಳಲ್ಲಿ ಕಡಿತವಾದ ಹಣ ತುಂಬಲಿಕ್ಕೇ ಹೋಗಬಾರದು.