ಮನೆಪಾಠದಿಂದ ಪ್ರೌಢಶಾಲೆಗೆ: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

(4ನೇ ತರಗತಿಯ ನಂತರ ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುತ್ತಿರುವ ತಮ್ಮ 13 ವರ್ಷದ ಮಗಳು ಪೊನ್ನಂಪೇಟೆಯಲ್ಲಿ ಅರಣ್ಯಶಾಸ್ತ್ರ ಓದುವ ಆಸೆ ಇಟ್ಟುಕೊಂಡಿದ್ದಾಳೆ, ಪ್ರೌಢಶಾಲೆಯ ವರ್ಷಗಳಿಗೆ ಅವಳನ್ನು ಹೇಗೆ ಅಣಿಗೊಳಿಸಬೇಕು, ಅವಳು ಪಾಠಗಳಲ್ಲಿ ಹಿಂದುಳಿದಿರಬಹುದೇ ಎಂದು ನಾಪೋಕ್ಲು ಸಮೀಪದ ತಾಯಿಯೊಬ್ಬರು ಕೇಳಿದ್ದಾರೆ.)

ಮಾನ್ಯ ಸಹೋದರಿಯವರೇ,

ಪಾಠಗಳಲ್ಲಿ ಹಿಂದುಳಿಯುವ ಭಯ ನಿಮ್ಮ ಪತ್ರದ ತುಂಬ ಇದೆ. ನನಗೆ ಅದಕ್ಕಿಂತ ದಾಖಲೆಗಳ ಚಿಂತೆ ಹೆಚ್ಚು. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದ ಬಿ.ಎಸ್ಸಿ. ಪ್ರವೇಶಕ್ಕೆ ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು, ಸಿಇಟಿ ಬರೆಯಬೇಕು. ಸಿಇಟಿಯ ಸರ್ಕಾರಿ ಸೀಟಿಗೆ ಸಾಮಾನ್ಯ ಅರ್ಹತೆಯೆಂದರೆ, 1ನೇ ತರಗತಿಯಿಂದ ದ್ವಿತೀಯ ಪಿಯುಸಿಯವರೆಗಿನ ಅವಧಿಯಲ್ಲಿ ಕನಿಷ್ಠ 7 ವರ್ಷ ಕರ್ನಾಟಕದ ಮಾನ್ಯತೆ ಪಡೆದ ಶಾಲೆ ಕಾಲೇಜುಗಳಲ್ಲಿ ಓದಿರುವುದು. ನಿಮ್ಮ ಮಗಳದು 4 ವರ್ಷ ಮುಗಿದಿದೆ. ಪ್ರೌಢಶಾಲೆಯನ್ನೂ ಮನೆಯಲ್ಲೇ ಮುಗಿಸಿ ನೇರವಾಗಿ ಪಿಯುಸಿಗೆ ಸೇರಿಸಿದರೆ ಒಟ್ಟು 6 ಆಗುತ್ತದೆ, ಒಂದು ವರ್ಷ ಕಡಿಮೆ. ತಂದೆ ಅಥವಾ ತಾಯಿ ಕರ್ನಾಟಕದಲ್ಲಿ 7 ವರ್ಷ ಓದಿದ್ದು, ಮಗು ಎರಡೂ ವರ್ಷದ ಪಿಯುಸಿಯನ್ನು ಇಲ್ಲಿಯೇ ಓದಿದ್ದರೆ ಬೇರೊಂದು ಷರತ್ತಿನಡಿ ಅವಕಾಶವಿದೆ. ನೀವು ವಿರಾಜಪೇಟೆಯಲ್ಲಿ ಓದಿದವರೆಂದು ಬರೆದಿದ್ದೀರಿ. ಹಾಗಿದ್ದರೆ ನಿಮ್ಮದೇ ವ್ಯಾಸಂಗ ಪ್ರಮಾಣಪತ್ರಗಳನ್ನು ಈಗಲೇ ಹುಡುಕಿಸಿ ಇಟ್ಟುಕೊಳ್ಳಿ. ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪ್ರತಿವರ್ಷ ಹೊರಡಿಸುವ ಕೈಪಿಡಿಯನ್ನೂ ಓದಿ ನೋಡಿ.

ಹಾಗಾದರೆ ಈಗಲೇ ಶಾಲೆಗೆ ಸೇರಿಸಬೇಕೇ? ಸೇರಿಸುವುದಾದರೆ ಈ ವರ್ಷವೇ ಸುಲಭ. 2009ರ ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 14 ವರ್ಷದ ಮಗುವಿಗೆ ವಯಸ್ಸಿಗೆ ತಕ್ಕ ತರಗತಿಯಲ್ಲಿ ಪ್ರವೇಶವನ್ನೂ ಇತರ ಮಕ್ಕಳ ಸಮಕ್ಕೆ ಬರಲು ವಿಶೇಷ ತರಬೇತಿಯನ್ನೂ ಕೊಡಬೇಕೆನ್ನುತ್ತದೆ, ಆದರೆ ಅದರ ವ್ಯಾಪ್ತಿ 8ನೇ ತರಗತಿಗೆ ಮುಗಿಯುತ್ತದೆ.

ಮನೆಯಲ್ಲೇ ಮುಂದುವರಿಸುವುದಾದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ (ಎನ್‌ಐಒಎಸ್) ದಾರಿ ಇದೆ. 14 ತುಂಬಿದವರು ಅದರ 10ನೇ ತರಗತಿ ಮಟ್ಟದ ಪರೀಕ್ಷೆಗೆ ನೋಂದಾಯಿಸಿಕೊಳ್ಳಬಹುದು. ನೋಂದಣಿ 5 ವರ್ಷ ಊರ್ಜಿತವಾಗಿರುತ್ತದೆ, 5 ವಿಷಯಗಳನ್ನು ಒಂದೇ ಸಲ ಬರೆಯಬೇಕಾಗಿಲ್ಲ, ಭಾಷೆಯಾಗಿ ಕನ್ನಡವನ್ನು ಆಯ್ದುಕೊಳ್ಳಬಹುದು. ಪರೀಕ್ಷೆಗಳು ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ ನಡೆಯುತ್ತವೆ. ನಿಮ್ಮಂಥ ಮನೆಗೆ ಎರಡನೆಯದೇ ವಾಸಿ ಎಂದು ನನ್ನ ಅಭಿಪ್ರಾಯ. ಏಪ್ರಿಲ್ ಪರೀಕ್ಷೆಗೆ ಕೂತು ಓದಬೇಕಾದ ತಿಂಗಳುಗಳಲ್ಲಿ ಕಾಫಿ ಕೊಯ್ಲು ಇರುತ್ತದೆ, ಮನೆಯಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುತ್ತವೆ, ನಿಜ. ಆದರೆ ಮುದ್ರಿತ ಪುಸ್ತಕಕ್ಕೆ ಅವೆರಡೂ ಬೇಡ.

ಆ ದಾರಿಯಲ್ಲಿ ಎಡವುವುದು ವಿಷಯಗಳ ಆಯ್ಕೆಯಲ್ಲಿ. ಗಣಿತ ಮತ್ತು ವಿಜ್ಞಾನವನ್ನು ಬಿಟ್ಟು ಸುಲಭದ ವಿಷಯಗಳನ್ನು ಆರಿಸಿಕೊಂಡೂ ತೇರ್ಗಡೆಯಾಗಲು ಸಾಧ್ಯವಿರುವುದರಿಂದ ಅನೇಕರು ಹಾಗೆಯೇ ಮಾಡಿ, ಆಮೇಲೆ ವಿಜ್ಞಾನದ ಪಿಯುಸಿಯ ಬಾಗಿಲಲ್ಲಿ ನಿಂತು ಪರಿತಪಿಸುತ್ತಾರೆ. ಕೊಯ್ಲಿನ ತೂಕ, ಕೂಲಿಯ ಲೆಕ್ಕ ಬರೆಯುತ್ತಾಳೆಂದು ನೀವು ಹೆಮ್ಮೆಯಿಂದ ತಿಳಿಸಿದ್ದೀರಿ. ಅಂಥ ಹುಡುಗಿಗೆ ಶೇಕಡಾವಾರು ಹೇಳಿಕೊಡಬೇಕಿಲ್ಲ. ಬೀಜಗಣಿತ, ರೇಖಾಗಣಿತ ಮಾತ್ರ ತೋಟದಲ್ಲಿ ತಾನಾಗಿ ಬರುವುದಿಲ್ಲ. ದಿನಕ್ಕೊಂದು ಗಂಟೆ ಕೂರಿಸಿ ಮಾಡಿಸಲೇಬೇಕು.

ವಾರಕ್ಕೊಮ್ಮೆ ಗಡಿಯಾರ ಇಟ್ಟು ಉತ್ತರ ಬರೆಸಿ, ನೀವಲ್ಲದೆ ಬೇರೆ ಶಿಕ್ಷಕರೊಬ್ಬರಿಂದ ತಿದ್ದಿಸಿ. ತಾಯಿಯ ಮುಂದೆ ಬಾಯಲ್ಲಿ ಹೇಳಿ ಒಪ್ಪಿಸುವ ಮಗು, ಅಪರಿಚಿತರು ಓದಿ ಅಂಕ ಕೊಡುವಂತೆ ಬರೆಯುವುದರಲ್ಲೇ ಸೋಲುತ್ತದೆ.

ಅರಣ್ಯಶಾಸ್ತ್ರದ ಹಂಬಲ ಗಟ್ಟಿಯಾಗಿದ್ದರೆ 8ನೇ ತರಗತಿಗೆ ಸೇರಿಸುವುದೇ ಮೇಲೆಂದು ನಾನು ಹೇಳುತ್ತೇನೆ. ಅವಳಿಗೆ ಒಪ್ಪಿಗೆಯಿದ್ದರೆ 4ನೇ ತರಗತಿಯ ವರ್ಗಾವಣೆ ಪತ್ರ ಮತ್ತು ಜನನ ಪ್ರಮಾಣಪತ್ರದೊಂದಿಗೆ ಹತ್ತಿರದ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರನ್ನು ಕಾಣಿ.

— ಸಂಪಾದಕ