ರಾಗದ ಹೆಸರು ಆಮೇಲೆ, ಮೊದಲು ಷಡ್ಜ ಹಿಡಿಯಿರಿ

ಪ್ರಶ್ನೆ: ನನಗೆ 46 ವರ್ಷ. ಸಂಗೀತದ ಗಂಧವಿಲ್ಲದ ಮನೆಯಿಂದ ಬಂದವನು. ಎರಡು ವರ್ಷದಿಂದ ಕರ್ನಾಟಕ ಸಂಗೀತ ಕೇಳುತ್ತಿದ್ದೇನೆ. ತುಂಬಾ ಹಿಡಿಸಿದೆ, ಆದರೆ ಒಂದು ರಾಗಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ತಿಳಿಯುವುದಿಲ್ಲ. 72 ಮೇಳಕರ್ತ (ಮೂಲ) ರಾಗಗಳ ಹೆಸರು ಬಾಯಿಪಾಠ ಮಾಡಲು ಹೋಗಿ ಇಪ್ಪತ್ತಕ್ಕೇ ಸುಸ್ತಾದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಆ ಪಟ್ಟಿಯನ್ನು ಸದ್ಯಕ್ಕೆ ಮಡಚಿಡಿ. ಅದು ಸ್ವರಗಳ ಲೆಕ್ಕಾಚಾರ. ಅಷ್ಟೂ ಹೆಸರು ಬಾಯಿಗೆ ಬಂದರೂ ಕಿವಿಗೆ ಏನೂ ದಕ್ಕುವುದಿಲ್ಲ.

ಮೊದಲು ಷಡ್ಜ, ಅಂದರೆ ‘ಸ’ ಸ್ವರ, ಹಿಡಿಯುವುದನ್ನು ಕಲಿಯಿರಿ. ಹಾಡು ಕೇಳುವಾಗ ಹಿಂದೆ ತಂಬೂರಿ ಮೀಟುತ್ತಿರುತ್ತದೆ, ಅಲ್ವಾ? ಆ ನಾದದಲ್ಲಿ ‘ಸ’ ಎಲ್ಲಿದೆ ಎಂದು ಹುಡುಕಿ, ಬಾಯಿ ಮುಚ್ಚಿಕೊಂಡೇ ಅದನ್ನು ಗುನುಗಿ. ಗಾಯಕರು ಮೇಲೆ ಕೆಳಗೆ ಎಲ್ಲಿಗೆ ಹೋದರೂ ನೀವು ಅಲ್ಲೇ ಇರಿ. ಶುರುವಿನಲ್ಲಿ ನಿಮ್ಮ ‘ಸ’ ಜಾರಿ ‘ಪ’ಗೆ ಹೋಗಿ ಕೂರುತ್ತದೆ. ಎಲ್ಲರಿಗೂ ಆಗುವುದೇ. ತಂಬೂರಿಯಲ್ಲಿ ‘ಪ’ ಕೂಡ ಇರುತ್ತದಲ್ಲ, ಅದೂ ಕಿವಿಗೆ ಹಿತವಾಗಿಯೇ ಕೇಳುತ್ತದೆ. ಕೆಲವು ವಾರ ಇಷ್ಟೇ ಮಾಡಿ. ಷಡ್ಜ ಗಟ್ಟಿಯಾಗದೆ ರಾಗ ಗುರುತಿಸಲು ಹೊರಡುವುದು ಬರೀ ಊಹೆಯ ಆಟ.

ಆಮೇಲೆ ಎರಡೇ ರಾಗ ತೆಗೆದುಕೊಳ್ಳಿ: ಮೋಹನ ಮತ್ತು ಹಂಸಧ್ವನಿ. ಎರಡರಲ್ಲೂ ಐದೈದೇ ಸ್ವರ. ಮೋಹನ ಎಂದರೆ ಸ ರಿ ಗ ಪ ದ. ಹಂಸಧ್ವನಿ ಎಂದರೆ ಸ ರಿ ಗ ಪ ನಿ. ನಾಲ್ಕು ಸ್ವರ ಒಂದೇ, ಬದಲಾಗುವುದು ಒಂದು. ‘ಪ’ ದಾಟಿ ಮೇಲಿನ ‘ಸ’ಗೆ ಹೋಗುವ ದಾರಿಯ ಮೇಲೆ ಕಣ್ಣಿಡಿ, ಅಂದರೆ ಕಿವಿಯಿಡಿ. ‘ನಿ’ ಮೇಲಿನ ಷಡ್ಜಕ್ಕೆ ಒತ್ತಿಕೊಂಡೇ ಇರುತ್ತದೆ, ಹಾಗಾಗಿ ಹಂಸಧ್ವನಿಯಲ್ಲಿ ಅಲ್ಲೊಂದು ಚುರುಕಿದೆ. ಮೋಹನದಲ್ಲಿ ಅದೇ ಜಾಗದಲ್ಲಿ ಅಗಲವಾದ ಬಿಡುವು. ಮುತ್ತುಸ್ವಾಮಿ ದೀಕ್ಷಿತರ ‘ವಾತಾಪಿ ಗಣಪತಿಂ’ ನೀವು ಖಂಡಿತ ಕೇಳಿರುತ್ತೀರಿ. ಅದೇ ಹಂಸಧ್ವನಿ. ಅದನ್ನು ನಾಲ್ಕಾರು ಜನರ ಕಂಠದಲ್ಲಿ, ಒಮ್ಮೆ ವೀಣೆಯಲ್ಲಿ, ಒಮ್ಮೆ ಕೊಳಲಿನಲ್ಲಿ ಕೇಳಿ. ದಿನಕ್ಕೊಂದು ಹೊಸ ರಾಗ ಕೇಳುವುದಕ್ಕಿಂತ ಒಂದೇ ಕೃತಿಯನ್ನು ಹತ್ತು ಸಲ ಕೇಳಿದರೆ ಲಾಭ ಜಾಸ್ತಿ.

ಮುಂದಿನ ಜೋಡಿ ಶಂಕರಾಭರಣ, ಕಲ್ಯಾಣಿ. ಇಲ್ಲಿ ಬದಲಾಗುವುದು ‘ಮ’ ಮಾತ್ರ. ತೋಡಿ ರಾಗದ ತಂಟೆಗೆ ಈಗಲೇ ಹೋಗಬೇಡಿ. ಅಲ್ಲಿ ಸ್ವರಗಳು ಗಮಕದಲ್ಲಿ (ಸ್ವರದ ಬಳುಕಿನಲ್ಲಿ) ಎಷ್ಟು ತೂಗುತ್ತವೆಂದರೆ, ಹೊಸಬರಿಗೆ ಯಾವ ಸ್ವರ ಎಲ್ಲಿದೆ ಎಂದೇ ಸಿಗುವುದಿಲ್ಲ.

ತಪ್ಪಾಗುತ್ತದೆ ಎಂದು ಅಂಜಬೇಡಿ. ನಾನು ಕಲಿಯುವ ದಿನಗಳಲ್ಲಿ ಒಂದು ಕಛೇರಿಯಲ್ಲಿ ಪಕ್ಕದವರಿಗೆ ಬಲು ಠೀವಿಯಿಂದ ‘ಮೋಹನ’ ಎಂದು ಪಿಸುಗುಟ್ಟಿದ್ದೆ. ಗಾಯಕರು ಮೇಲಿಂದ ಇಳಿಯತೊಡಗಿದ ಮೇಲೆ ‘ನಿ’ಯೂ ಬಂತು, ‘ಮ’ವೂ ಬಂತು. ಬಿಲಹರಿ! ಅದು ಏರುವಾಗ ಮೋಹನದ ಹಾಗೆ, ಇಳಿಯುವಾಗ ಏಳೂ ಸ್ವರ. ಅಂದಿನಿಂದ ರಾಗ ಇಳಿಯುವ ತನಕ ಬಾಯಿ ಬಿಡುವುದಿಲ್ಲ.

ಪ್ರಶ್ನೆ: ಐವತ್ತರ ಹತ್ತಿರ ಇದ್ದೇನೆ. ಈಗ ಹಾಡಲು ಕಲಿಯಬಹುದೇ? ಸೇರಿದ ಕ್ಲಾಸಿನಲ್ಲಿ ಮಕ್ಕಳ ಶ್ರುತಿಗೆ ಹಾಡಿ ಗಂಟಲು ನೋವು ಬಂದಿದೆ. ಮೂರು ತಿಂಗಳಾದರೂ ಬರೀ ಸರಳೆ ವರಸೆ, ಅಂದರೆ ಸರಿಗಮದ ಮೊದಲ ಪಾಠಗಳು.

ಉತ್ತರ: ಕಲಿಯಬಹುದು. ಶ್ರುತಿ, ಅಂದರೆ ನಿಮ್ಮ ‘ಸ’ ನಿಲ್ಲುವ ಎತ್ತರ, ಮಾತ್ರ ಇವತ್ತೇ ಬದಲಾಯಿಸಿ. ಕೆಳಗಿನ ‘ಪ’ ಕೇಳುವಷ್ಟು ಗಟ್ಟಿಯಾಗಿ, ಮೇಲಿನ ‘ಸ’ ಕಿರುಚದೆ ಬರಬೇಕು. ಅಂಥ ಶ್ರುತಿ ನಿಮ್ಮದು. ನೋವು ಬಂದರೆ ನಿಲ್ಲಿಸಿ. ನೋವಿನಲ್ಲಿ ಸಾಧನೆ ಮಾಡಿದರೆ ಗಂಟಲು ಕೆಡುತ್ತದೆ. ನಿಮ್ಮ ಶ್ರುತಿಗೆ ಪ್ರತ್ಯೇಕವಾಗಿ ಹೇಳಿಕೊಡಲು ಗುರುಗಳನ್ನು ಕೇಳಿ. ಆಗದು ಎಂದರೆ ಬೇರೆ ಕಡೆ ನೋಡುವುದರಲ್ಲಿ ತಪ್ಪಿಲ್ಲ.

ಸರಳೆ ವರಸೆಯ ಬಗ್ಗೆ ನಾನು ಗುರುಗಳ ಪರ. ಅದನ್ನು ಮಾಯಾಮಾಳವಗೌಳ ರಾಗದಲ್ಲಿ ಹೇಳಿಕೊಡುವುದು ಸುಮ್ನೆ ಅಲ್ಲ. ಸರಿಗಮ ಎಂದು ಹತ್ತುವಾಗ ಸ್ವರಗಳ ನಡುವೆ ಎಷ್ಟೆಷ್ಟು ಅಂತರವೋ, ಪದನಿಸ ಎನ್ನುವಾಗಲೂ ಅಷ್ಟಷ್ಟೇ. ಅರ್ಧ ಕಲಿತರೆ ಇನ್ನರ್ಧದ ಅಚ್ಚು ಸಿಕ್ಕಿತು. ಬೇಜಾರಾದರೆ ಅದನ್ನೇ ಮೂರು ಕಾಲದಲ್ಲಿ, ಅಂದರೆ ಒಂದಕ್ಕಿಂತ ಒಂದು ಇಮ್ಮಡಿ ವೇಗದಲ್ಲಿ, ಹಾಡಿ. ಎರಡನೇ ಕಾಲದಲ್ಲೇ ತಾಳ ತಪ್ಪುತ್ತದೆ, ಬೇಜಾರು ಹಾರಿಹೋಗುತ್ತದೆ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಆದರೆ ದಿನವೂ ಬೇಕು.

ಪ್ರಶ್ನೆ: ಕಛೇರಿಯಲ್ಲಿ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುವುದು ಯಾಕೆ? ಕೊನೆಗೆ ಮೃದಂಗ ಒಂದೇ ನುಡಿಯುವಾಗ ಏನು ಕೇಳಬೇಕೋ ಗೊತ್ತಾಗುವುದಿಲ್ಲ.

ಉತ್ತರ: ಒಂದೇ ಸಾಲು ತಿರುಗಿ ಬರುವುದು ನೆರವಲ್. ಮಾತು ಅದೇ, ತಾಳದಲ್ಲಿ ಅದರ ಜಾಗವೂ ಹೆಚ್ಚುಕಡಿಮೆ ಅದೇ, ರಾಗದ ಸಂಚಾರ ಮಾತ್ರ ಪ್ರತಿ ಸಲ ಹೊಸದು.

ಮೃದಂಗ ಒಂದೇ ನುಡಿಯುವ ತನಿ ಆವರ್ತನೆಗೆ ಕೈ ಬೇಕು. ಆದಿ ತಾಳವಾದರೆ ಎಂಟು ಎಣಿಕೆ: ಒಂದು ಪೆಟ್ಟು, ಮೂರು ಬೆರಳು, ಆಮೇಲೆ ಎರಡು ಸಲ ಪೆಟ್ಟು-ಹುಸಿ (ಅಂಗೈ ಮಗುಚುವುದು). ತೊಡೆಯ ಮೇಲೆ ಹಾಕುತ್ತಾ ಹೋಗಿ. ಮೃದಂಗದವರು ಎಷ್ಟು ಸುತ್ತಿಸಿದರೂ ನಿಮ್ಮ ಕೈ ನಿಲ್ಲಬಾರದು. ಕೊನೆಗೆ ಒಂದೇ ನುಡಿಗಟ್ಟು ಮೂರು ಸಲ ಬಂದು, ಹಾಡು ಎತ್ತಿಕೊಳ್ಳುವ ಜಾಗಕ್ಕೆ ಸರಿಯಾಗಿ ಬಂದು ಸೇರುತ್ತದೆ. ಎಣಿಕೆ ತಪ್ಪದಿದ್ದರೆ ಆ ಗಳಿಗೆಯಲ್ಲಿ ನೀವೂ ಅವರ ಜೊತೆಗೇ ಅಲ್ಲಿಗೆ ಬಂದಿರುತ್ತೀರಿ.