ಅಜ್ಜನ ಪುಸ್ತಕ, ಮೊಮ್ಮಕ್ಕಳ ಹಕ್ಕು

ನಿಮ್ಮ ಕಾಗದ ಓದಿದೆ. ಅಜ್ಜನ ಕಾದಂಬರಿಗಳ ಕಾಪಿರೈಟ್ ಇನ್ನು ಕೆಲವೇ ವರ್ಷಗಳಲ್ಲಿ ಮುಗಿಯುತ್ತದೆ ಎಂದು ಬರೆದಿದ್ದೀರಿ. ‘ಅಜ್ಜ ಕಟ್ಟಿಸಿದ ಮನೆ ನಮಗೇ ಉಳಿಯುತ್ತದೆ. ಬರೆದ ಪುಸ್ತಕವನ್ನು ಮಾತ್ರ ಸತ್ತ 60 ವರ್ಷಕ್ಕೆ ಯಾಕೆ ಬಿಟ್ಟುಕೊಡಬೇಕು?’ ಎಂದು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆಯೇ.

ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಇದಕ್ಕಾಗಿ ದೊಡ್ಡ ಜಗಳವೇ ನಡೆದಿತ್ತು. ಆಗ ಅಲ್ಲಿ ಹಕ್ಕು ಇದ್ದದ್ದು ಪ್ರಕಟಣೆಯಿಂದ 28 ವರ್ಷ. ಲೇಖಕ ಅದಕ್ಕಿಂತ ಹೆಚ್ಚು ಬದುಕಿದ್ದರೆ ಸಾಯುವವರೆಗೆ. ಸಾವಿನ ನಂತರವೂ 60 ವರ್ಷ ಕೊಡಿ ಎಂದು ಸಂಸದ ಥಾಮಸ್ ಟಾಲ್ಫರ್ಡ್ 1837ರಿಂದ ಪಟ್ಟು ಹಿಡಿದರು. ಕವಿ ವರ್ಡ್ಸ್‌ವರ್ತ್ ಅವರ ಬೆನ್ನಿಗಿದ್ದರು. ಒಳ್ಳೆಯ ಪುಸ್ತಕಕ್ಕೆ ಓದುಗರು ಸಿಗುವುದು ಎಷ್ಟೋ ಸಲ ತಡವಾಗಿ, ಅಲ್ವಾ?

1841ರ ಫೆಬ್ರವರಿ 5ರಂದು ಎದ್ದುನಿಂತು ವಿರೋಧಿಸಿದವರು ಮೆಕಾಲೆ. ನಮ್ಮ ಸಾಹಿತ್ಯವನ್ನು ಹೀಗಳೆದ ಅವರ 1835ರ ಶಿಕ್ಷಣ ಟಿಪ್ಪಣಿಯನ್ನು ನಾನು ಮರೆತಿಲ್ಲ. ಆದರೂ ಈ ವಿಷಯದಲ್ಲಿ ಅವರ ಮಾತೇ ಸರಿ ಅನ್ನಿಸುತ್ತದೆ. ಕಾಪಿರೈಟ್ ಎಂದರೆ ಲೇಖಕರಿಗಾಗಿ ಓದುಗರು ಕಟ್ಟುವ ತೆರಿಗೆ, ಅದು ಬೇಕು, ಆದರೆ ಅಗತ್ಯಕ್ಕಿಂತ ಒಂದು ದಿನವೂ ಜಾಸ್ತಿ ಬೇಡ ಎಂದರು. ಆ ದುಡ್ಡು ಮೊಮ್ಮಕ್ಕಳಿಗೆ ತಲುಪುತ್ತದೆ ಅನ್ನುವುದಕ್ಕೂ ಖಾತ್ರಿ ಇಲ್ಲ. ಅವರು ಕವಿ ಮಿಲ್ಟನ್ ಮೊಮ್ಮಗಳ ಕತೆ ಹೇಳಿದರು. ಅಜ್ಜನ ಕಾವ್ಯದ ಹಕ್ಕು ಟಾನ್ಸನ್ ಎಂಬ ಪ್ರಕಾಶಕರ ಕೈಯಲ್ಲಿತ್ತು. ಆಕೆ ಬಡತನದಲ್ಲಿದ್ದಳು. ಕೊನೆಗೆ 1750ರಲ್ಲಿ ನಟ ಗ್ಯಾರಿಕ್ ಆಕೆಯ ಸಹಾಯಾರ್ಥ ನಾಟಕ ಆಡಿಸಬೇಕಾಯಿತು.

ಇನ್ನೊಂದು ಭಯವೂ ಮೆಕಾಲೆಗಿತ್ತು. ಕಾದಂಬರಿಕಾರ ರಿಚರ್ಡ್‌ಸನ್‌ರ ಮೊಮ್ಮಗ ಪಾದ್ರಿ. ಕಾದಂಬರಿ ಓದುವುದೇ ಪಾಪ ಎಂದುಕೊಂಡಿದ್ದವರು. ಹಕ್ಕು ಅಂಥವರ ಕೈಯಲ್ಲಿದ್ದರೆ ಪುಸ್ತಕ ಮತ್ತೆ ಅಚ್ಚಾಗುವುದೇ ಅನುಮಾನ.

ಟಾಲ್ಫರ್ಡ್‌ರ ಮಸೂದೆ 45–38 ಮತಗಳಿಂದ ಬಿತ್ತು. ಮರುವರ್ಷದ ಕಾಯ್ದೆ ಪ್ರಕಟಣೆಯಿಂದ 42 ವರ್ಷ ಅಥವಾ ಸಾವಿನ ನಂತರ 7 ವರ್ಷ, ಯಾವುದು ಹೆಚ್ಚೋ ಅದು ಎಂದಿತು.

ಟಾಲ್ಫರ್ಡ್‌ಗೆ ಸಿಗದ 60 ವರ್ಷ ಇವತ್ತು ನಮ್ಮಲ್ಲಿದೆ. 1957ರ ಕಾಯ್ದೆ ಕೊಟ್ಟಿದ್ದು 50. ಟಾಗೋರ್ ತೀರಿಕೊಂಡಿದ್ದು 1941ರಲ್ಲಿ. ಅವರ ಕೃತಿಗಳ ಹಕ್ಕು ಮುಗಿಯುವ ಹೊತ್ತಿಗೆ, 1992ರಲ್ಲಿ, ಅದನ್ನು 60 ಮಾಡಿದರು. ಇನ್ನೂ ಹೆಚ್ಚಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ.

ಅಜ್ಜನ ಒಂದು ಪುಸ್ತಕವೂ ಈಗ ಅಂಗಡಿಯಲ್ಲಿ ಸಿಗುತ್ತಿಲ್ಲ ಎಂದು ನೀವೇ ಬರೆದಿದ್ದೀರಿ. ನನಗೆ ನಿಜವಾಗಿ ಸಂಕಟವಾಗಿದ್ದು ಆ ಸಾಲು ಓದಿ. ಮೊದಲು ಹಳೇ ಕರಾರುಪತ್ರ ಹುಡುಕಿ, ಅಜ್ಜ ಹಕ್ಕನ್ನು ಪ್ರಕಾಶಕರಿಗೇ ಬರೆದುಕೊಟ್ಟಿದ್ದಾರಾ ನೋಡಿ. ಇಲ್ಲವಾದರೆ ಮನೆಯವರೆಲ್ಲ ಕೂತು ಮಾತಾಡಿ, ಈ ವರ್ಷವೇ ಮರುಮುದ್ರಣಕ್ಕೆ ಒಪ್ಪಿಗೆ ಕೊಡಿ.

— ಸಂಪಾದಕ